ಒಂಬತ್ತು ತಿಂಗಳ ಬೇಲಿ ಬೇಕೇ?

ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾದ ಹದಿಹರೆಯದವರನ್ನು ಒಂಬತ್ತು ತಿಂಗಳು ತುಂಬುವ ತನಕ ಯಾವ ಪಂದ್ಯಕ್ಕೂ ಇಳಿಸಬಾರದು ಎಂಬ ನಿಯಮ ಶಾಲಾ-ಕಾಲೇಜು ಕ್ರೀಡಾಕೂಟಗಳಿಗೆ ಬರಬೇಕೇ?

ಪರ: ಬರಲಿ, ಮೊದಲು ನಮ್ಮ ಕಡೆಗೇ ಬರಲಿ

ಯಲ್ಲಾಪುರದ ನಂದೊಳ್ಳಿಯಿಂದ ಹಿಡಿದು ಸಿದ್ದಾಪುರದ ಆಚೆ ತುದಿಯವರೆಗೆ, ಚಳಿಗಾಲ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳದ್ದೇ ಗೌಜು. ಗಟ್ಟಿ ಮಣ್ಣಿನ ಅಂಕಣದಲ್ಲಿ ದಾಳಿಗೆ ಹೋದವನು ಪಾದ ಊರಿ ಗಕ್ಕನೆ ಹೊರಳುತ್ತಾನೆ. ಮೈ ಹೊರಳುತ್ತದೆ, ಪಾದ ಹೊರಳುವುದಿಲ್ಲ. ಮಂಡಿಯೊಳಗೆ ಟಕ್ ಎಂದರೆ ಬಹುಪಾಲು ಹರಿದದ್ದು ಎಸಿಎಲ್, ಕಾಲಿನ ಕೆಳಮೂಳೆ ಮುಂದಕ್ಕೆ ಜಾರದಂತೆ ಹಿಡಿದಿರುವ ಪಟ್ಟಿ. ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ, ವಾರಗಟ್ಟಲೆ ಕಳೆದ ಮೇಲೆ ಹುಬ್ಬಳ್ಳಿ ಬಸ್ಸು ಹತ್ತುವವರೇ ಹೆಚ್ಚು.

ಅಲ್ಲಿ ಹರಿದದ್ದನ್ನು ಹೊಲಿಯುವುದು ಅಪರೂಪ. ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜಿನ ತುಂಡು ತೆಗೆದು, ಮೂಳೆಗೆ ಸುರಂಗ ಕೊರೆದು ಕೂರಿಸುತ್ತಾರೆ. ಕಸಿ ಮಾಡಿದ ಆ ತುಂಡಿಗೆ ಮೊದಲಿಗೆ ರಕ್ತವೇ ಹರಿಯುವುದಿಲ್ಲ. ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳ ಹಬ್ಬಿ, ನಿಧಾನಕ್ಕೆ ಅದು ಲಿಗಮೆಂಟಿನ ಗುಣ ಪಡೆಯಬೇಕು. ಹಾಗಾಗಿ ಎರಡು-ಮೂರು ತಿಂಗಳ ಹೊತ್ತಿಗೆ ಅದು ಕೂರಿಸಿದ ದಿನಕ್ಕಿಂತ ಬಲಹೀನ. ಮೋಸ ಇರುವುದು ಇಲ್ಲೇ: ಅಷ್ಟರೊಳಗೆ ನೋವು ಹೋಗಿರುತ್ತದೆ, ಬಾವು ಇಳಿದಿರುತ್ತದೆ, ಹುಡುಗ ಸೈಕಲ್ ಹೊಡೆಯುತ್ತಿರುತ್ತಾನೆ. 'ಈಗ ಎಂತದೂ ಇಲ್ಲ ಸರ್' ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ ಅವನು. ಒಳಗಿನ ಸ್ಥಿತಿ ಅವನಿಗೂ ಗೊತ್ತಿಲ್ಲ.

ಡೆಲವೇರ್ ಮತ್ತು ಓಸ್ಲೊ ಸಂಶೋಧಕರು 106 ಮಂದಿಯನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದಿಷ್ಟು: ಒಂಬತ್ತನೇ ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ಇಳಿಯಿತು. 2020ರಲ್ಲಿ ಬಂದ ಸ್ವೀಡನ್ನಿನ ಅಧ್ಯಯನದಲ್ಲಿ, ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕಿಳಿದ ಯುವಜನರಲ್ಲಿ ಎಸಿಎಲ್ ಮತ್ತೆ ಹರಿಯುವ ಪ್ರಮಾಣ ಸುಮಾರು ಏಳು ಪಟ್ಟು. ಅದು ಕಸಿಯಾದ ಮಂಡಿಯೇ ಆಗಬೇಕೆಂದಿಲ್ಲ, ಇನ್ನೊಂದು ಕಾಲಿನದ್ದೂ ಹೋಗುತ್ತದೆ.

ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಅಪಘಾತಕ್ಕೀಡಾಗಿ, ಮುಂಬೈಯಲ್ಲಿ ಲಿಗಮೆಂಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪಳಗಿ ಪಂದ್ಯಕ್ಕೆ ಮರಳಿದ್ದು 2024ರ ಮಾರ್ಚಿನಲ್ಲಿ. ಸಕಲ ಸೌಕರ್ಯವಿದ್ದವನೇ ಅಷ್ಟು ಕಾದಿದ್ದಾನೆ. ನಮ್ಮ ಉತ್ತರ ಕನ್ನಡ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಬೀದಿಗಿಳಿದ ಜಿಲ್ಲೆ. ಇಲ್ಲಿನ ಪಿಟಿ ಮೇಷ್ಟ್ರ ಕೈಯಲ್ಲಿ ಯಾವ ಯಂತ್ರವಿದೆ? ಗೋಡೆಯ ಕ್ಯಾಲೆಂಡರ್ ಇದೆ. ತಾಲೂಕು ಮಟ್ಟದ ಫೈನಲ್ ಎದುರಿಗಿರುವಾಗ ಊರಿಗೆ ಊರೇ ಬಂದು 'ಅವನನ್ನು ಇಳಿಸಿ' ಎಂದರೆ, ನಿಯಮ ಇಲ್ಲದೆ ಬೇಡ ಎನ್ನುವುದು ಕಷ್ಟ. 'ನಾನಲ್ಲ, ನಿಯಮ ಬಿಡುವುದಿಲ್ಲ' ಎನ್ನಲು ಅವರಿಗೊಂದು ಆಸರೆ ಬೇಕು.

ವಿರೋಧ: ದಿನ ಎಣಿಸಿದರೆ ಮಂಡಿ ಗಟ್ಟಿಯಾಗದು

ಮೇಲೆ ಹೇಳಿದ 2016ರ ಅಧ್ಯಯನವನ್ನು ಪೂರ್ತಿ ಓದಬೇಕು. ಅದರಲ್ಲಿ ಇನ್ನೂ ಎರಡು ಅಂಕಿಗಳಿವೆ: ಶಕ್ತಿ ಮತ್ತು ಜಿಗಿತದ ಪರೀಕ್ಷೆ ಪಾಸಾಗದೆ ಮರಳಿದವರಲ್ಲಿ ಶೇ 38.2 ಮಂದಿಗೆ ಮತ್ತೆ ಪೆಟ್ಟಾಯಿತು, ಪಾಸಾದವರಲ್ಲಿ ಶೇ 5.6 ಮಂದಿಗೆ ಮಾತ್ರ. ಹಾಗಾದರೆ ನಿಯಮ ಬೇಕಾದದ್ದು ಪರೀಕ್ಷೆಗೆ. ಒಂಬತ್ತು ಎನ್ನುವ ಅಂಕಿಯೇನು ದೇವರು ಬರೆದದ್ದಲ್ಲ. ಯುವಜನರು ಎರಡು ವರ್ಷ ಕಾಯಲಿ ಎಂದು 2017ರಲ್ಲಿ ವಾದಿಸಿದ ಸಂಶೋಧಕರೂ ಇದ್ದಾರೆ.

ನಿಯಮ ಬಂದರೆ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ ನೋಡಿ. ಫಿಸಿಯೊಥೆರಪಿಗೆಂದು ವಾರಕ್ಕೆರಡು ಸಲ, ಯಲ್ಲಾಪುರದಿಂದಲೇ ಎಪ್ಪತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿಬರಲು ಎಷ್ಟು ಮನೆಗಳಿಂದಾದೀತು? ಒಂದು ತಿಂಗಳು ಹೋಗುತ್ತಾರೆ, ಆಮೇಲೆ ಬಿಡುತ್ತಾರೆ. ಹುಡುಗ ಮನೆಯಲ್ಲಿ ಕೂರುತ್ತಾನೆ, ತೊಡೆ ಸೊರಗುತ್ತದೆ. ಒಂಬತ್ತು ತಿಂಗಳು ತುಂಬಿದ ಮರುದಿನ 'ಅವಧಿ ಮುಗಿಯಿತಲ್ಲ' ಎಂದು ಅಂಕಣಕ್ಕಿಳಿಯುತ್ತಾನೆ. ನಿಯಮ ಅವನನ್ನು ಕಾಪಾಡಿತೆ? ಅಪಾಯಕ್ಕೆ ಪರವಾನಗಿ ಕೊಟ್ಟಿತು ಅಷ್ಟೆ.

ಕಾಲದ ಲೆಕ್ಕವನ್ನೂ ಹಾಕೋಣ. ಜನವರಿಯ ಪಂದ್ಯಾವಳಿಯಲ್ಲಿ ಬಿದ್ದು ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾದರೆ ಒಂಬತ್ತು ತಿಂಗಳಿಗೆ ನವೆಂಬರ್. ಅಷ್ಟರಲ್ಲಿ ಶಾಲಾ ಕ್ರೀಡಾಕೂಟಗಳು ವಲಯ, ತಾಲೂಕು ದಾಟಿ ಮುಂದೆ ಹೋಗಿರುತ್ತವೆ. ಮರುವರ್ಷ ವಯೋಮಿತಿ ಮೀರಿರುತ್ತದೆ. ಇಲ್ಲಿ ಅವಕಾಶದ ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಎಂಬುದನ್ನು ಸಿದ್ದಿ ಸಮುದಾಯದವರ ಹತ್ತಿರ ಕೇಳಬೇಕು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಇದೇ ಕಾಡಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು, 1990ರ ದಶಕದ ಆರಂಭದಲ್ಲೇ ಯೋಜನೆ ನಿಂತುಹೋಯಿತು. ಹುಡುಗಿಯರ ಪಾಡಂತೂ ಬೇರೆಯೇ. 'ಒಂಬತ್ತು ತಿಂಗಳು ಆಟ ಬೇಡ' ಎಂದು ಸರ್ಕಾರವೇ ಹೇಳಿದರೆ, 'ಇನ್ನು ಆಟವೇ ಬೇಡ' ಎನ್ನಲು ಕೆಲವು ಮನೆಗಳಿಗೆ ಅಷ್ಟೇ ಸಾಕು. ಮುಚ್ಚಿಡುವವರೂ ಹೆಚ್ಚುತ್ತಾರೆ. ಶಸ್ತ್ರಚಿಕಿತ್ಸೆ ಆಗಿದೆ ಎಂದು ಪ್ರವೇಶಪತ್ರದಲ್ಲಿ ಯಾರು ಬರೆದಾರು?

ಕುಸ್ತಿಪಟು ವಿನೇಶ್ ಫೋಗಟ್ 2023ರ ಆಗಸ್ಟ್ 17ರಂದು ಮಂಡಿಯ ಶಸ್ತ್ರಚಿಕಿತ್ಸೆಗೆ ಒಳಗಾಗಿ, 2024ರ ಫೆಬ್ರವರಿಯಲ್ಲೇ ಜೈಪುರದಲ್ಲಿ ರಾಷ್ಟ್ರೀಯ ಚಿನ್ನ ಗೆದ್ದರು. ಎಲ್ಲರೂ ವಿನೇಶ್ ಅಲ್ಲ ಎಂಬ ಮಾತು ಬರುತ್ತದೆ. ಒಪ್ಪುತ್ತೇನೆ. ಎಲ್ಲರೂ ಒಂದೇ ಅಲ್ಲ ಎಂಬುದೇ ನನ್ನ ವಾದ.

ಯಂತ್ರವಿಲ್ಲ ಎಂಬುದೂ ಅರ್ಧ ಸತ್ಯ. ಒಂಟಿಕಾಲಿನಲ್ಲಿ ಒಂದು ಜಿಗಿತ, ಸಾಲಾಗಿ ಮೂರು ಜಿಗಿತ, ಆರು ಮೀಟರ್ ದೂರವನ್ನು ಕುಂಟುತ್ತ ಎಷ್ಟು ಸೆಕೆಂಡಿನಲ್ಲಿ ದಾಟುತ್ತಾನೆ ಎಂಬ ಲೆಕ್ಕ. ಇವು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪರೀಕ್ಷೆಗಳು. ಪೆಟ್ಟಾದ ಕಾಲು ಇನ್ನೊಂದರ ಶೇ 90ರಷ್ಟನ್ನಾದರೂ ಮುಟ್ಟಬೇಕು. ಇದಕ್ಕೆ ಬೇಕಾದ ಟೇಪು, ಸ್ಟಾಪ್‌ವಾಚು ಎರಡೂ ಉದ್ದಜಿಗಿತ, ಓಟ ನಡೆಸುವ ಯಾವ ಪ್ರೌಢಶಾಲೆಯಲ್ಲಿ ಇಲ್ಲ? ಮೇಷ್ಟ್ರಿಗೆ ಒಂದು ದಿನದ ತರಬೇತಿ ಕೊಡಿ, ಮನೆಯಲ್ಲೇ ಮಾಡುವ ವ್ಯಾಯಾಮದ ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಿ. ಬೇಲಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಪರದವರ ಮರುಮಾತು

ಟೇಪು ಬೇಡ ಎನ್ನುವುದಿಲ್ಲ. ಆದರೆ ಚೆನ್ನಾಗಿ ಜಿಗಿದವನ ತೊಡೆಯೂ ಸೊರಗಿರಬಹುದು, ಸೊಂಟ ಮತ್ತು ಪಾದದ ಕೀಲಿನ ಬಲದಿಂದ ಜಿಗಿತವನ್ನು ನಿಭಾಯಿಸಲು ಬರುತ್ತದೆ. ತಿಂಗಳುಗಟ್ಟಲೆ ಕೂತವನ ಒಳ್ಳೆಯ ಕಾಲೂ ಸೋತಿರುತ್ತದೆ, ಅದರ ಶೇ 90 ಮುಟ್ಟಿದರೆ ದೊಡ್ಡದೇನಲ್ಲ. ಪರೀಕ್ಷೆಯೂ ಇರಲಿ, ತಿಂಗಳ ಲೆಕ್ಕವೂ ಇರಲಿ. ಎಂಟನೇ ತಿಂಗಳಲ್ಲಿ ಸೊಗಸಾಗಿ ಜಿಗಿದು ತೋರಿಸಿದ ಹುಡುಗನನ್ನೂ ನಾವು ಇನ್ನೊಂದು ತಿಂಗಳು ಅಂಕ ಬರೆಯುವ ಮೇಜಿನ ಮುಂದೆಯೇ ಕೂರಿಸುತ್ತೇವೆ, ಅವನು ಎಷ್ಟೇ ಮುಖ ಊದಿಸಿಕೊಂಡರೂ.