ಆತಂಕ: ಒಂದು ಶಬ್ದ, ಮೂರು ಅರ್ಥ

ಅಮರಕೋಶದ ನಾನಾರ್ಥವರ್ಗದಲ್ಲಿ ಆತಂಕವೆಂಬ ಶಬ್ದಕ್ಕೆ ರೋಗ, ಸಂತಾಪ, ಶಂಕೆ ಎಂದು ಮೂರು ಅರ್ಥಗಳನ್ನು ಹೇಳಿದೆ. ಈ ಮೂರೂ ಒಬ್ಬನಲ್ಲಿಯೇ ಒಂದುಗೂಡುವುದುಂಟೆಂಬುದನ್ನು ಇಂದಿನ ವೈದ್ಯಶಾಸ್ತ್ರವು ತೋರಿಸಿಕೊಟ್ಟಿದೆ.

ಭಯವು ಸ್ವತಃ ದೋಷವಲ್ಲ. ಹಾವನ್ನು ಕಂಡೊಡನೆ ಎದೆ ಹೊಡೆದುಕೊಳ್ಳುವುದು, ಉಸಿರು ಬಿರುಸಾಗುವುದು, ಅಂಗೈ ಬೆವರುವುದು ಇವೆಲ್ಲವೂ ಪ್ರಾಣರಕ್ಷಣೆಗಾಗಿ ಪ್ರಕೃತಿಯು ಮಾಡಿಟ್ಟ ಏರ್ಪಾಡು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು, ಕಾದುವುದಕ್ಕೋ ಓಡುವುದಕ್ಕೋ ದೇಹವನ್ನು ಅಣಿಗೊಳಿಸುವುವೆಂದು ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿದ್ವಾಂಸನು 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ಹಾವಿಲ್ಲದೆ ಬರಿಯ ಹಗ್ಗವಿದ್ದೆಡೆಯಲ್ಲಿಯೂ ಈ ಏರ್ಪಾಡು ಮತ್ತೆ ಮತ್ತೆ ನಡೆದು, ಊಟ ನಿದ್ರೆ ಕೆಲಸಗಳನ್ನು ಕೆಡಿಸತೊಡಗಿದರೆ ಆಗ ಅದು ವ್ಯಾಧಿ.

ಇದರ ರೂಪಗಳು ಹಲವು. ಕೆಲವರಿಗೆ ಹಣ, ಮಕ್ಕಳು, ಆರೋಗ್ಯವೆಂದು ಎಲ್ಲ ವಿಷಯಗಳಲ್ಲಿಯೂ ತಿಂಗಳುಗಟ್ಟಲೆ ಬಿಡದ ಚಿಂತೆ; ಕೆಲವರಿಗೆ ನಾಲ್ಕು ಜನರ ಮುಂದೆ ನಿಲ್ಲಲು ಅಂಜಿಕೆ; ಮತ್ತೆ ಕೆಲವರಿಗೆ ಇದ್ದಕ್ಕಿದ್ದಂತೆ ಎದೆ ನಡುಗಿ, ಪ್ರಾಣವೇ ಹೋಗುವುದೆಂಬ ಭೀತಿ. ವಂಶದಿಂದ ಬಂದ ಸ್ವಭಾವ, ಬಾಲ್ಯದ ಕಷ್ಟ, ಬಹುಕಾಲದ ಒತ್ತಡ ಇವು ಕೂಡಿ ಕಾರಣವಾಗುತ್ತವೆ. ಥೈರಾಯ್ಡ್ ಗ್ರಂಥಿಯ ಅತಿಸ್ರಾವದಿಂದಲೂ, ಅತಿಯಾದ ಕಾಫಿಯಿಂದಲೂ ಇಂತಹ ಲಕ್ಷಣಗಳು ತೋರುವುದುಂಟು. ಆದುದರಿಂದ ಮೊದಲು ವೈದ್ಯರಿಂದ ಪರೀಕ್ಷೆಯಾಗಬೇಕು. ಎದೆನೋವೆಂದವರಿಗೆ “ಬರಿಯ ಭಯ” ಎಂದು ಮನೆಯಲ್ಲಿಯೇ ತೀರ್ಪು ಹೇಳುವುದು ಅಪಾಯಕರ.

ಇನ್ನು ಗೃಹಸ್ಥರ ನಡತೆಯನ್ನು ಕುರಿತು ಎರಡು ಮಾತು. “ಧೈರ್ಯ ತಂದುಕೋ” ಎಂದು ಗದರಿಸಿದರೆ ಧೈರ್ಯ ಬಾರದು. ಭಯದ ಮೇಲೆ ನಾಚಿಕೆಯೂ ಸೇರುವುದಷ್ಟೆ. ಅತಿಯಾದ ಕರುಣೆಯೂ ಅಷ್ಟೇ ಕೆಡಕು. ಬಸ್ಸಿಗೆ ಹೆದರುವ ಸೊಸೆಯನ್ನು ಮನೆಯಲ್ಲಿ ಉಳಿಸಿದರೆ ಆ ಹೊತ್ತಿಗೆ ಅವಳಿಗೆ ಸಮಾಧಾನ. ಆದರೆ ಆ ಸಮಾಧಾನವೇ ಬಸ್ಸು ನಿಜವಾಗಿ ಅಪಾಯವೆಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತದೆ. ಇಂದು ಬಸ್ಸು ಬಿಟ್ಟವಳು ನಾಳೆ ಸಂತೆಯನ್ನು ಬಿಡುವಳು, ಆಮೇಲೆ ಹೊಸಿಲನ್ನೇ ದಾಟಳು.

ಚಿಕಿತ್ಸೆಯು ಈ ದಾರಿಯನ್ನು ಹಿಂದಿರುಗಿ ನಡೆಸುತ್ತದೆ: ಒಂದು ದಿನ ಜೊತೆಯವರೊಡನೆ ನಿಲ್ದಾಣದವರೆಗೆ, ಇನ್ನೊಂದು ದಿನ ಒಂದು ನಿಲ್ದಾಣದಷ್ಟು ಪಯಣ, ಮುಂದೆ ಒಬ್ಬಳೇ. ಬೇಕಾದೆಡೆ ಔಷಧವೂ ಉಂಟು. ಅದನ್ನು ವೈದ್ಯರ ಮಾತಿಲ್ಲದೆ ತೊಡಗುವುದೂ ಸಲ್ಲದು, ನಿಲ್ಲಿಸುವುದೂ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. ದೂರದ ಊರಿನವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ದೂರವಾಣಿ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಜ್ವರ ಬಂದವರನ್ನು ನಾವು ಹಳಿಯುವುದಿಲ್ಲ, ಆತಂಕಪೀಡಿತರನ್ನೂ ಹಳಿಯದಿರೋಣ. ಕೈ ಹಿಡಿದು ಹೊಸಿಲು ದಾಟಿಸೋಣ. ಆದರೆ ಅವರ ನಡಿಗೆಯನ್ನು ಅವರೇ ನಡೆಯಲಿ.