ಗುಂಡು ಹಾರಲಿಲ್ಲ, ಇನ್ನೇನು ಮಾಡಬೇಕು?

ಟ್ರಿಗರ್ ಎಳೆದಾಗ ‘ಟಕ್’ ಎಂದು ಸದ್ದಾಯಿತು, ಗುಂಡು ಹಾರಲಿಲ್ಲ. ಶೂಟಿಂಗ್ ಕಲಿಯುವ ಹುಡುಗ ಹುಡುಗಿಯರು ಆಗ ಎರಡು ತಪ್ಪು ಮಾಡಬಹುದು. ಏನಾಯಿತೆಂದು ಪಿಸ್ತೂಲನ್ನು ತಮ್ಮತ್ತ ತಿರುಗಿಸಿ ನೋಡುವುದು ಒಂದು. ಆತುರದಿಂದ ಅದನ್ನು ತೆರೆಯುವುದು ಇನ್ನೊಂದು. ಮೊದಲನೆಯದರಿಂದ ಜೀವಕ್ಕೆ ಅಪಾಯ, ಎರಡನೆಯದರಿಂದ ಜೀವಕ್ಕೂ ಅಂಕಕ್ಕೂ ಅಪಾಯ.

ಆಯುಧದ ತೊಂದರೆ ಎಷ್ಟು ದುಬಾರಿ ಎಂಬುದಕ್ಕೆ 2021ರ ಟೋಕಿಯೊ ಒಲಿಂಪಿಕ್ಸ್ ಸಾಕ್ಷಿ. 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಕಳೆದವು. 575 ಅಂಕ ಗಳಿಸಿದ ಅವರಿಗೆ ದೊರೆತದ್ದು 12ನೇ ಸ್ಥಾನ. ಫೈನಲ್ ತಪ್ಪಿದ್ದು ಎರಡೇ ಅಂಕಗಳಿಂದ. 2024ರ ಪ್ಯಾರಿಸ್‌ನಲ್ಲಿ ಅವರು ಎರಡು ಕಂಚು ಗೆದ್ದರು. ಅದೇ ಕೂಟದಲ್ಲಿ ಅವರು ನಾಲ್ಕನೆಯವರಾದ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಬಳಸುವುದು ಗಾಳಿಯ ಪಿಸ್ತೂಲಲ್ಲ, .22 ರಿಮ್‌ಫೈರ್ ಪಿಸ್ತೂಲು.

ಅಂಚಿನಲ್ಲಿದೆ ಗುಟ್ಟು

‘ರಿಮ್’ ಎಂದರೆ ಅಂಚು. ಈ ಬಗೆಯ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಇರುವುದು ಹಿಂಬದಿಯ ಮಡಿಸಿದ ಅಂಚಿನೊಳಗೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಮದ್ದು ಸಿಡಿದು, ಒಳಗಿನ ಪುಡಿಗೆ ಬೆಂಕಿ ತಗಲುತ್ತದೆ. ಇಂದು ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಅದರ ಗುಂಡಿನ ಸಾಮಾನ್ಯ ತೂಕ ಕೇವಲ 2.6 ಗ್ರಾಂ. ತೋಟಾ ಅಗ್ಗ, ಧಕ್ಕೆ ಕಡಿಮೆ. ಆದ್ದರಿಂದಲೇ ಅಭ್ಯಾಸಕ್ಕೆ ಹೇಳಿಮಾಡಿಸಿದ್ದು.

ದೌರ್ಬಲ್ಯವೂ ಇಲ್ಲೇ ಇದೆ. ತಯಾರಿಕೆಯಲ್ಲಿ ಮದ್ದು ಅಂಚಿನ ಸುತ್ತ ಸಮವಾಗಿ ಹರಡದಿದ್ದರೆ, ಖಾಲಿ ಜಾಗಕ್ಕೆ ಬಿದ್ದ ಪಿನ್ ಏಟು ವ್ಯರ್ಥ. ಸೀಸದ ಗುಂಡಿನ ಹೊರಮೈಗೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಅದೂ ಮದ್ದಿನ ಮಸಿಯೂ ಸೇರಿ ತೋಟಾ ಕೂರುವ ಗೂಡಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ.

ಹಳೆಯ ಪಿಸ್ತೂಲಿನ ರೋಗಲಕ್ಷಣ

ಬಳಸಿದ ಪಿಸ್ತೂಲು ಕೊಳ್ಳುವಾಗ ಹಿಂದಿನವರ ಅಭ್ಯಾಸಗಳೂ ಜೊತೆಗೆ ಬರುತ್ತವೆ. ಆದ್ದರಿಂದ ತೊಂದರೆ ಕಂಡಾಗ ಮೊದಲು ನೋಡಬೇಕಾದದ್ದು ಹಾರದೇ ಉಳಿದ ತೋಟಾವನ್ನು. ಕೋಚ್ ಅದನ್ನು ಸುರಕ್ಷಿತವಾಗಿ ಹೊರತೆಗೆದ ಮೇಲೆ ಅಂಚಿನ ಗುರುತನ್ನು ಪರೀಕ್ಷಿಸಬೇಕು. ಗುರುತು ಆಳವಾಗಿದ್ದೂ ತೋಟಾ ಸಿಡಿಯದಿದ್ದರೆ ಅನುಮಾನ ತೋಟಾದ ಮೇಲೆ. ಬೇರೆ ತಯಾರಿಕೆಯ ತೋಟಾ ಬಳಸಿದಾಗ ತೊಂದರೆ ನಿಂತರೆ ಅನುಮಾನ ಇನ್ನೂ ಗಟ್ಟಿ.

ಗುರುತು ತೆಳುವಾಗಿದ್ದರೆ ಕಾರಣ ಪಿಸ್ತೂಲಿನಲ್ಲೇ ಇರುವ ಸಂಭವ ಹೆಚ್ಚು: ಸವೆದ ಪಿನ್, ಬಲ ಕುಂದಿದ ಸ್ಪ್ರಿಂಗ್, ಪಿನ್ ಓಡಾಡುವ ದಾರಿಯಲ್ಲಿ ಕೊಳೆ. ಗೂಡು ಕೊಳೆಯಾಗಿದ್ದರೂ ಹೀಗಾಗಬಹುದು. ತೋಟಾ ಪೂರ್ತಿ ಒಳಗೆ ಕೂರದಿದ್ದಾಗ ಪಿನ್ನಿನ ಏಟು ಅದನ್ನು ಒಳಕ್ಕೆ ತಳ್ಳುವುದರಲ್ಲೇ ಖರ್ಚಾಗುತ್ತದೆ; ಎರಡನೆಯ ಏಟಿಗೆ ಅದೇ ತೋಟಾ ಸಿಡಿಯುವುದು ಇದರ ಒಂದು ಸುಳಿವು.

ಖಾಲಿ ಕೇಸು ಹೊರಬೀಳದೆ ಸಿಕ್ಕಿಕೊಂಡರೆ, ಅದನ್ನು ಎಳೆಯುವ ಕೊಕ್ಕೆಯಲ್ಲಿ ಕೊಳೆಯೋ ಸವೆತವೋ ಇದೆಯೇ ಎಂದು ನೋಡಬೇಕು. ಹಿಂದಿನವರು ತೋಟಾ ಇಲ್ಲದೆ ಪದೇ ಪದೇ ಟ್ರಿಗರ್ ಎಳೆದಿದ್ದರೆ, ಕೆಲವು ಪಿಸ್ತೂಲುಗಳಲ್ಲಿ ಪಿನ್ ಗೂಡಿನ ಅಂಚಿಗೇ ಬಡಿದು ಅಲ್ಲಿ ಸಣ್ಣ ಏಣು ಎದ್ದಿರುತ್ತದೆ. ಕೇಸು ಅಂಟಿಕೊಳ್ಳಲು ಅಷ್ಟೇ ಸಾಕು. ಮ್ಯಾಗಜೀನ್‌ಗಳಿಗೆ 1, 2 ಎಂದು ಗುರುತು ಹಾಕುವುದು ಸುಲಭ ಉಪಾಯ. ಒಂದರಲ್ಲಷ್ಟೇ ತೋಟಾ ಸಿಕ್ಕಿಕೊಂಡರೆ ದೋಷ ಪಿಸ್ತೂಲಿನದಲ್ಲ, ಆ ಮ್ಯಾಗಜೀನಿನ ಬಾಗಿದ ತುಟಿಯದು ಅಥವಾ ಸ್ಪ್ರಿಂಗಿನದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ತೋಟಾ, ಮ್ಯಾಗಜೀನ್, ಸ್ಪ್ರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ. ಪ್ರಯೋಗಶಾಲೆಯ ಪಾಠ ಇಲ್ಲಿಯೂ ಅದೇ.

ತಾಳ್ಮೆಯ 30 ಸೆಕೆಂಡು

ಗುಂಡು ಹಾರದಿದ್ದಾಗ ನಳಿಗೆ ಗುರಿಹಲಗೆಯತ್ತಲೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗೆ ಬರಬೇಕು. ಅಪರೂಪಕ್ಕೆ ತೋಟಾ ತಡವಾಗಿ ಸಿಡಿಯುವುದುಂಟು; ಕನಿಷ್ಠ 30 ಸೆಕೆಂಡು ಕಾಯುವುದು ಒಳ್ಳೆಯದು. ಸದ್ದು ಎಂದಿಗಿಂತ ಮೆಲ್ಲಗೆ ಬಂದರೆ ಅದು ಇನ್ನೂ ಅಪಾಯಕರ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು.

ಸ್ಪರ್ಧೆಯ ನಿಯಮವೂ ಇದನ್ನೇ ಬೇಡುತ್ತದೆ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು, ಇನ್ನೊಂದು ಕೈ ಎತ್ತಿ ರೇಂಜ್ ಅಧಿಕಾರಿಗೆ ತಿಳಿಸಬೇಕು. ಅಧಿಕಾರಿ ಪರೀಕ್ಷಿಸಿ ದೋಷ ನಿಜವೆಂದು ಒಪ್ಪಿದರೆ, ನಿಯಮದ ಮಿತಿಯೊಳಗೆ ಆ ಸರಣಿಗೆ ಮತ್ತೆ ಅವಕಾಶ ದೊರೆಯುತ್ತದೆ. ಅದಕ್ಕೆ ಮೊದಲೇ ಸ್ಪರ್ಧಿ ಪಿಸ್ತೂಲನ್ನು ತೆರೆದರೆ ಆ ಹಕ್ಕು ಹೋಗುತ್ತದೆ. ತೋಟಾ ತುಂಬಲು ಮರೆತವರಿಗೂ ರಿಯಾಯಿತಿ ಇಲ್ಲ.

ಪೋಷಕರು ಗಮನಿಸಬೇಕಾದ ಮಾತು ಇನ್ನೊಂದಿದೆ. ಗಾತ್ರ ಸಣ್ಣದಾದರೂ .22 ಪಿಸ್ತೂಲು ಆಟಿಕೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುವ ಬಂದೂಕು. ದುರಸ್ತಿಯನ್ನು ವ್ಯಾಪಾರವಾಗಿ ಮಾಡುವವರಿಗೂ ಪರವಾನಗಿ ಇರಬೇಕು. ಬೀದಿಯ ಮೆಕ್ಯಾನಿಕ್‌ನ ಅರವೂ, ಮನೆಯ ಸ್ಕ್ರೂಡ್ರೈವರೂ ಇಲ್ಲಿ ಕೂಡದು. ಟ್ರಿಗರ್ ಹಗುರ ಮಾಡುವ ಸಾಹಸವಂತೂ ಬೇಡವೇ ಬೇಡ. 25 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ತಡೆಯಬೇಕೆಂಬ ನಿಯಮವಿದ್ದು, ಅದನ್ನು ತೂಕವಿಟ್ಟು ಪರೀಕ್ಷಿಸುತ್ತಾರೆ.

ವಿದ್ಯಾರ್ಥಿಗೆ ಉಳಿಯುವ ಕೆಲಸ ಶುಚಿತ್ವ ಮತ್ತು ದಾಖಲೆ. ಕೋಚ್ ಹೇಳಿದಂತೆ ಒರೆಸುವುದು, ಎಣ್ಣೆ ಹನಿಯಷ್ಟೇ ಹಾಕುವುದು, ಎಷ್ಟನೆಯ ಗುಂಡಿಗೆ, ಯಾವ ಮ್ಯಾಗಜೀನಿನಲ್ಲಿ, ಯಾವ ತೋಟಾಕ್ಕೆ ತೊಂದರೆಯಾಯಿತೆಂದು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ದುರಸ್ತಿಗಾರರ ಕೈಗೆ ಪಿಸ್ತೂಲಿನ ಜೊತೆ ಆ ಪುಟವನ್ನೂ ಕೊಟ್ಟರೆ ಅರ್ಧ ಕೆಲಸ ಮುಗಿದಂತೆಯೇ.