ಮಧ್ಯಮ ಲಾರಿ: ಕಂಪೆನಿಗಳು ಕೈ ಬದಲಾದವು, ಗಡಿನಾಡಿನ ಸಣ್ಣ ಮಾಲಕರ ಲೆಕ್ಕವೇನು?

2025ರ ಆಗಸ್ಟ್ 1ರಂದು ಎಸ್‌ಎಂಎಲ್ ಇಸುಝು ಕಂಪೆನಿಯ ಶೇ. 58.96 ಪಾಲು ಮಹೀಂದ್ರಾ ಕೈಗೆ ಬಂತು. ಬೆಲೆ 555 ಕೋಟಿ ರೂ. ಈ ಹೆಸರು ಹೇಳಿದರೆ ಹೆಚ್ಚಿನವರಿಗೆ ಗುರುತು ಸಿಗಲಿಕ್ಕಿಲ್ಲ. 'ಸ್ವರಾಜ್ ಮಜ್ದಾ' ಎಂದರೆ ಸಾಕು, ಹಳೆಯ ಡ್ರೈವರ್‌ಗಳ ಮುಖ ಅರಳುತ್ತದೆ. ಅದೇ ಕಂಪೆನಿ ಇದು. ಜುಲೈ ಕೊನೆಯಲ್ಲಿ ಟಾಟಾ ಮೋಟಾರ್ಸ್ ಇಟಲಿಯ ಇವೆಕೊ ಕಂಪೆನಿಯನ್ನು, ಅದರ ರಕ್ಷಣಾ ವಿಭಾಗ ಬಿಟ್ಟು, 380 ಕೋಟಿ ಯೂರೋಗೆ ಖರೀದಿಸುವುದಾಗಿ ಘೋಷಿಸಿತ್ತು. ಅಕ್ಟೋಬರ್ 1ರಿಂದ ಟಾಟಾದ ಲಾರಿ-ಬಸ್ಸುಗಳ ವ್ಯಾಪಾರ ಕಾರಿನ ವ್ಯಾಪಾರದಿಂದ ಬೇರೆಯಾಯಿತು. ನಡುವೆ, ಸೆಪ್ಟಂಬರ್ 22ರಂದು, ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು.

ಇವೆಲ್ಲ ಶೇರು ಮಾರುಕಟ್ಟೆಯವರಿಗೆ ಬೇಕಾದ ಸುದ್ದಿ ಎಂದು ಪುಟ ತಿರುಗಿಸಿಬಿಡಬಹುದು. ಆದರೆ ತಲಪಾಡಿಯಿಂದ ಹೊಸಂಗಡಿ, ಉಪ್ಪಳ, ಕುಂಬಳೆ ದಾಟಿ ಕಾಸರಗೋಡಿನವರೆಗೆ ಮೀನು, ಹಣ್ಣು, ಸಿಮೆಂಟ್, ಟೈಲ್ಸ್, ಗುಜರಿ ಸಾಗಿಸಿ ಬದುಕುವ ಮನೆಗಳಿಗೆ ಇದು ಹೊಟ್ಟೆಪಾಡಿನ ವಿಷಯ. ಗಲ್ಫ್ ಬಿಟ್ಟು ಊರಿಗೆ ಬಂದ ಹುಡುಗರು 'ಒಂದು ಈಚರ್ ತೆಗೆಯುವ' ಅಂತ ಹೊರಡುವುದು ಈಗಲೂ ಇದೆ. ಪ್ರಶ್ನೆ ಇರುವುದೇ ಅಲ್ಲಿ: ಒಬ್ಬ ಮನುಷ್ಯ ಒಂದು ಮಧ್ಯಮ ಲಾರಿ ಇಟ್ಟುಕೊಂಡು ಮನೆ ನಡೆಸುವ ಕಾಲ ಮುಗಿಯುತ್ತಾ ಬಂತೇ?

ಮಧ್ಯಮ ಲಾರಿ ಎಂದರೆ ಪಿಕಪ್‌ಗಿಂತ ದೊಡ್ಡದು, ಟಾರಸ್‌ಗಿಂತ ಸಣ್ಣದು. ತೂಕದ ಲೆಕ್ಕದಲ್ಲಿ ಸರಕು ಸೇರಿ ಸುಮಾರು 7ರಿಂದ 16 ಟನ್. ಈ ಮಾರುಕಟ್ಟೆ ಹುಟ್ಟಿದ್ದೇ 1980ರ ದಶಕದಲ್ಲಿ, ಜಪಾನಿನವರು ಬಂದಾಗ. ನಾಲ್ಕು ಜೋಡಿಗಳು ಒಟ್ಟೊಟ್ಟಿಗೆ ಕಣಕ್ಕಿಳಿದವು: ಡಿಸಿಎಂ-ಟೊಯೋಟಾ, ಆಲ್ವಿನ್-ನಿಸ್ಸಾನ್, ಸ್ವರಾಜ್-ಮಜ್ದಾ, ಈಚರ್-ಮಿತ್ಸುಬಿಶಿ. ಅವರನ್ನು ಎದುರಿಸಲು ಟಾಟಾ 1986ರಲ್ಲಿ 407 ಇಳಿಸಿತು. ಆ ಗಾಡಿ ಇವತ್ತಿಗೂ ಮಾರಾಟದಲ್ಲಿದೆ. ಜಪಾನಿನ ನಾಲ್ಕು ಹೆಸರುಗಳಲ್ಲಿ ಒಂದೂ ಉಳಿದಿಲ್ಲ. ಡಿಸಿಎಂ-ಟೊಯೋಟಾ ಕೊರಿಯದ ಡೇವೂ ಪಾಲಾಗಿ ಮುಗಿಯಿತು. ಆಲ್ವಿನ್-ನಿಸ್ಸಾನ್‌ನ ಕಾರ್ಖಾನೆ ಇದ್ದದ್ದು ಬೀದರ್‌ನಿಂದ ಹೆಚ್ಚು ದೂರವಿಲ್ಲದ ಝಹೀರಾಬಾದ್‌ನಲ್ಲಿ. ಅದನ್ನು 1989ರಲ್ಲಿ ಮಹೀಂದ್ರಾ ವಹಿಸಿಕೊಂಡಿತು. ಮಜ್ದಾ ಹೋಗಿ ಇಸುಝು ಬಂತು, 2011ರಲ್ಲಿ ಕಂಪೆನಿಯ ಹೆಸರು ಎಸ್‌ಎಂಎಲ್ ಇಸುಝು ಆಯಿತು. ಈಗ ಅದೂ ಮಹೀಂದ್ರಾಕ್ಕೆ ಸೇರಿ ಎಸ್‌ಎಂಎಲ್ ಮಹೀಂದ್ರಾ ಎನಿಸಿದೆ. ನಾಲ್ಕರಲ್ಲಿ ಎರಡನ್ನು ಒಂದೇ ಮನೆ ನುಂಗಿದಂತಾಯಿತು. ಸ್ವರಾಜ್ ಟ್ರ್ಯಾಕ್ಟರ್ ಕೂಡ 2007ರಿಂದ ಅವರದ್ದೇ.

ಗೆದ್ದದ್ದು ಈಚರ್. ಮಿತ್ಸುಬಿಶಿಯ ಕ್ಯಾಂಟರ್ ಕಲಿಸಿದ ಪಾಠ ಇಟ್ಟುಕೊಂಡು ಸ್ವಂತ ಕಾಲ ಮೇಲೆ ನಿಂತು, 2008ರಲ್ಲಿ ಸ್ವೀಡನ್‌ನ ವೋಲ್ವೊ ಜತೆ ಸೇರಿತು. ಮಧ್ಯಪ್ರದೇಶದ ಪೀಥಂಪುರದಿಂದ ಬರುವ ಈ ಲಾರಿ ಎಷ್ಟು ಬೇರೂರಿದೆ ಎಂದರೆ ಬೇರೆ ಕಂಪೆನಿಯ ಲಾರಿಯನ್ನೂ ಜನ 'ಈಚರ್' ಎಂದೇ ಕರೆಯುವುದುಂಟು. ಅಶೋಕ್ ಲೇಲ್ಯಾಂಡ್‌ದು ಇನ್ನೊಂದು ಕತೆ. ಕನ್ನಡಿಗರು ತಲೆಮಾರುಗಳಿಂದ ಇರುವ ಹೊಸೂರಿನಲ್ಲಿ ಅದರ ದೊಡ್ಡ ಘಟಕಗಳಿವೆ. ಇದೇ ಇವೆಕೊ 1987ರಿಂದ ಸುಮಾರು 20 ವರ್ಷ ಲೇಲ್ಯಾಂಡ್‌ನಲ್ಲಿ ಹಿಂದೂಜಾಗಳ ಪಾಲುದಾರನಾಗಿತ್ತು. ಅಂದಿನ ಪಾಲುದಾರನನ್ನು 2025ರಲ್ಲಿ ಎದುರಾಳಿ ಟಾಟಾ ಕೊಳ್ಳಲು ಹೊರಟಿತು. ಡೈಮ್ಲರ್‌ನ ಭಾರತ್‌ಬೆಂಝ್ 2012ರಲ್ಲಿ ಚೆನ್ನೈ ಬಳಿಯಿಂದ ಶುರುವಾದರೂ ಸಣ್ಣ ಮಾಲಕರ ಅಂಗಳಕ್ಕೆ ಹೆಚ್ಚೇನೂ ಬಂದಿಲ್ಲ.

ಈಗ ಮಹೀಂದ್ರಾ ಯಾಕೆ 555 ಕೋಟಿ ಸುರಿಯಿತು? 3.5 ಟನ್‌ಗಿಂತ ಕೆಳಗಿನ ಪಿಕಪ್‌ನಲ್ಲಿ ಅದೇ ರಾಜ, 3.5 ಟನ್‌ನ ಮೇಲೆ ಅದರ ಪಾಲು ಕೇವಲ ಶೇ. 3. ಈ ಖರೀದಿಯಿಂದ ಅದು ಶೇ. 6 ಆಗುತ್ತದೆ, 2036ರ ಹೊತ್ತಿಗೆ ಶೇ. 20 ದಾಟಿಸುತ್ತೇವೆ ಎಂದು ಕಂಪೆನಿಯೇ ಹೇಳಿದೆ. ಅಂದರೆ ಮಧ್ಯಮ ಲಾರಿಗೆ ಭವಿಷ್ಯ ಇಲ್ಲ ಎಂದು ಕಂಪೆನಿಗಳು ಯೋಚಿಸಿಲ್ಲ, ಯೋಚಿಸಿದ್ದು ಉಲ್ಟಾ. ಆನ್‌ಲೈನ್ ವ್ಯಾಪಾರದ ಪಾರ್ಸೆಲ್, ಗೋದಾಮಿನಿಂದ ಗೋದಾಮಿಗೆ ಹೋಗುವ ಕಂಟೇನರ್, ಶಾಲಾ ಬಸ್ಸು, ಎಲ್ಲ ಈ ವರ್ಗದಲ್ಲೇ ಬರುವುದು. 2017ರಲ್ಲಿ ಜಿಎಸ್‌ಟಿ ಬಂದು ಮಂಜೇಶ್ವರದಂಥ ತೆರಿಗೆ ಚೆಕ್‌ಪೋಸ್ಟ್‌ಗಳ ಉದ್ದನೆಯ ಸಾಲು ಕರಗಿದ ಮೇಲೆ ದೊಡ್ಡ ಸಂಸ್ಥೆಗಳಿಗೆ ಗೋದಾಮುಗಳನ್ನು ಕಡಿಮೆ ಮಾಡಿ ಲಾರಿ ಓಡಿಸುವುದೇ ಲಾಭವಾಯಿತು. ಬೇಡಿಕೆ ಖಂಡಿತ ಇದೆ. ಆದರೆ ಅದು ನೂರಾರು ಲಾರಿ ಇರುವ ಸಾಗಾಟ ಕಂಪೆನಿಯ ಬೇಡಿಕೆ. ಒಂದೇ ಲಾರಿಯ ಮಾಲಕ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಗಾಡಿಯೂ ಅದಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಸ್ವರಾಜ್ ಮಜ್ದಾವನ್ನು ಉಪ್ಪಳದ ಯಾವ ಗ್ಯಾರೇಜಿನಲ್ಲಿಯೂ ಬಿಚ್ಚಿ ಜೋಡಿಸುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಲಾರಿಗಳಿಗೆ ಡೀಸೆಲ್ ಜತೆ ಆ್ಯಡ್‌ಬ್ಲೂ ಎಂಬ ಯೂರಿಯಾ ದ್ರಾವಣವೂ ಬೇಕು. ಅದು ಮುಗಿದರೆ, ಅಥವಾ ಕಲಬೆರಕೆ ದ್ರಾವಣ ಹೋಗಿ ಸೆನ್ಸರ್ ಮುನಿದರೆ, ಎಂಜಿನ್ ತನ್ನಷ್ಟಕ್ಕೇ ಶಕ್ತಿ ಕುಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಹಾಕದೆ ದೋಷ ಗೊತ್ತಾಗುವುದಿಲ್ಲ. ಲಾರಿ ಎಲ್ಲಿದೆ, ಎಷ್ಟು ಡೀಸೆಲ್ ಕುಡಿಯಿತು ಎಂಬುದೆಲ್ಲ ಟಾಟಾದ ಫ್ಲೀಟ್ ಎಡ್ಜ್, ಲೇಲ್ಯಾಂಡ್‌ನ ಐ-ಅಲರ್ಟ್‌ನಂಥ ವ್ಯವಸ್ಥೆಗಳಿಗೆ ಸೇರುತ್ತದೆ. 50 ಲಾರಿಯ ಮಾಲಕನಿಗೆ ಇದು ವರದಾನ. ಸ್ವತಃ ಸ್ಟೇರಿಂಗ್ ಹಿಡಿದವನಿಗೆ ಡೀಸೆಲ್ ಎಷ್ಟು ಖರ್ಚಾಯಿತು ಅಂತ ಮೊಬೈಲ್ ಹೇಳಿಕೊಡಬೇಕೇ? ಡ್ರೈವರ್ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿರುವುದು ಮಾತ್ರ ನಿಜಕ್ಕೂ ಒಳ್ಳೆಯದು. ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಮೀನಿನ ಲೋಡ್ ಕೊಂಡುಹೋದವರಿಗೆ ಅದರ ಬೆಲೆ ಗೊತ್ತು.

ಹಣದ ವಿಷಯಕ್ಕೆ ಬರೋಣ. ತೆರಿಗೆಗೆ ಮುಂಚೆ 20 ಲಕ್ಷದ ಲಾರಿ ಮೊದಲು ಜಿಎಸ್‌ಟಿ ಸೇರಿ 25.60 ಲಕ್ಷವಾಗುತ್ತಿತ್ತು, ಈಗ 23.60 ಲಕ್ಷ. ದೊಡ್ಡ ಕಂಪೆನಿಗಳಲ್ಲಿ ಹಲವು ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯುತ್ತಿದ್ದವು. ಸಣ್ಣ ಮಾಲಕನಿಗೆ ಆ ದಾರಿ ಸಾಮಾನ್ಯವಾಗಿ ಇರಲಿಲ್ಲ. ಹಾಗಾಗಿ ಎರಡು ಲಕ್ಷದ ಉಳಿತಾಯದಲ್ಲಿ ನಿಜವಾದ ಲಾಭ ಅವನದ್ದೇ. ಇದನ್ನು ಹೆಚ್ಚಿನವರು ಗಮನಿಸಿಲ್ಲ. ಆದರೆ ಅದೇ ದಿನ ಹಳೆಯ ಲಾರಿಯ ಮರುಮಾರಾಟ ಬೆಲೆಗೂ ಪೆಟ್ಟು ಬಿತ್ತು ಎನ್ನುವುದನ್ನೂ ಮರೆಯುವಂತಿಲ್ಲ.

20 ಲಕ್ಷ ಸಾಲವನ್ನು ಶೇ. 10 ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 42,500 ರೂ. ಕೊನೆಗೆ ಬಡ್ಡಿಯೇ ಐದೂವರೆ ಲಕ್ಷ. ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧವಾಗಿ ಮೀನಿನ ಲೋಡ್ ನಿಂತರೂ ಕಂತು ನಿಲ್ಲುವುದಿಲ್ಲ. ಸಮುದಾಯದಲ್ಲಿ ಬಡ್ಡಿಯಿಂದ ದೂರ ಇರಬೇಕೆನ್ನುವವರ ಮುಂದೆ ಇರುವ ದಾರಿ ಇನ್ನೂ ಕಿರಿದು. ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಹಾಗಾಗಿ ಮನೆಯವರ ಹಣ ಒಟ್ಟು ಮಾಡಿ, ಬಂಗಾರ ಮಾರಿ, ರೊಕ್ಕ ಎಣಿಸಿ ಏಳೆಂಟು ವರ್ಷದ ಸೆಕೆಂಡ್‌ಹ್ಯಾಂಡ್ ಲಾರಿ ತೆಗೆಯುತ್ತಾರೆ. ಹಿಂದೆ ಇದು ಜಾಣತನವೇ ಆಗಿತ್ತು.

ಈಗ ಕಾನೂನುಗಳು ಹೊಡೆಯುತ್ತಿರುವುದು ಇದೇ ಹಳೆಯ ಲಾರಿಗೆ. ಎರಡು ಆ್ಯಕ್ಸೆಲ್‌ನ ಲಾರಿಗೆ 12 ವರ್ಷ ದಾಟಿದ ಮೇಲೆ ನ್ಯಾಶನಲ್ ಪರ್ಮಿಟ್ ಇಲ್ಲ. ಮಲ್ಟಿ ಆ್ಯಕ್ಸೆಲ್‌ಗೆ 15 ವರ್ಷ. ಹಾಸನದಲ್ಲೋ ಪಾಲಕ್ಕಾಡ್‌ನಲ್ಲೋ ಇರುವವನಿಗೆ ಇದು ದೊಡ್ಡ ತಲೆನೋವಲ್ಲ, ರಾಜ್ಯದೊಳಗೆ ಓಡಿಸಿಕೊಂಡು ಇರಬಹುದು. ಮಂಜೇಶ್ವರದವನ ಲೋಡ್ ಇರುವುದೇ ಮಂಗಳೂರಿನಲ್ಲಿ. 20 ಕಿ.ಮೀ. ಓಡಿದರೂ ಅದು ಅಂತರ್‌ರಾಜ್ಯ ಸಾಗಾಟ. ಎಂಟು ವರ್ಷದ ಲಾರಿ ತೆಗೆದವನಿಗೆ ನಿಜವಾಗಿ ಸಿಗುವುದು ನಾಲ್ಕು ವರ್ಷ. ಬೇರೆ ಪರ್ಮಿಟ್ ದಾರಿಗಳಿದ್ದರೂ ಒಂದೊಂದಕ್ಕೂ ಖರ್ಚು, ಓಡಾಟ. ಮೇಲಿಂದ 2025ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ 10 ವರ್ಷ ದಾಟಿದ ವಾಹನಗಳಿಂದಲೇ ಹೆಚ್ಚುವರಿ ಫಿಟ್‌ನೆಸ್ ಶುಲ್ಕದ ನಿಯಮ ತಂದಿದೆ.

ಗಡಿಯಲ್ಲಿ ಪಿಕಪ್‌ಗಳು ಯಾಕೆ ಇಷ್ಟು ತುಂಬಿವೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಸರಕು ಸೇರಿ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟೇ ಬೇಡ. ಲೈಸೆನ್ಸ್ ಕಡೆಯಿಂದಲೂ ಇಂಥದೇ ಒಂದು ಗೆರೆ ಇದೆ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ಮೀರದ ಸರಕು ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿತು. ಮೇಲಿನ ತುದಿಯಲ್ಲಿ 2018ರ ಜುಲೈಯಲ್ಲಿ ಆ್ಯಕ್ಸೆಲ್ ತೂಕದ ಮಿತಿ ಏರಿ ದೊಡ್ಡ ಲಾರಿಗಳು ಒಂದೇ ಟ್ರಿಪ್‌ನಲ್ಲಿ ಹೆಚ್ಚು ಹೊರುವಂತಾಯಿತು. ತಲಪಾಡಿ-ಚೆಂಗಳ ಆರು ಪಥದ ಹೆದ್ದಾರಿಯೂ ಅವುಗಳಿಗೇ ಅನುಕೂಲ. ಕೆಳಗಿನಿಂದ ಪಿಕಪ್, ಮೇಲಿನಿಂದ ಟಾರಸ್. ನಡುವೆ ಸಿಕ್ಕಿದ್ದು ಒಂಟಿ ಈಚರ್.

ವಿದ್ಯುತ್ ಲಾರಿಯ ಮಾತೂ ಕೇಳಿಬರುತ್ತಿದೆ. ಪಿಎಂ ಇ-ಡ್ರೈವ್‌ನಲ್ಲಿ ಒಂದು ಲಾರಿಗೆ ಗರಿಷ್ಠ 9.6 ಲಕ್ಷ ರೂ. ನೆರವು ಇದೆ, ಆದರೆ ಹಳೆಯ ಲಾರಿ ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. ಇಡೀ ದೇಶಕ್ಕೆ ಗುರಿ ಸುಮಾರು 5,600 ಲಾರಿ. ಕಾಸರಗೋಡಿನ ಮೀನು ಲಾರಿಯವರು ಸದ್ಯಕ್ಕೆ ಇದನ್ನು ನಂಬಿ ಕೂರುವಂತಿಲ್ಲ.

ಇಷ್ಟಾದರೂ ಮಧ್ಯಮ ಲಾರಿಯಲ್ಲಿ ದುಡಿಯಲು ಸಾಧ್ಯವೇ ಇಲ್ಲ ಎಂದಲ್ಲ. ಲೋಡ್ ಮೊದಲು ಗಟ್ಟಿ ಮಾಡಿಕೊಂಡು, ಮೂರ್ನಾಲ್ಕು ಜನ ಪಾಲು ಹಾಕಿ, ಒಬ್ಬ ಓಡಿಸಿ ಒಬ್ಬ ಲೆಕ್ಕ ನೋಡಿದರೆ ಬಡ್ಡಿಯೂ ತಪ್ಪುತ್ತದೆ, ಗಾಡಿ ಖಾಲಿ ನಿಲ್ಲುವ ದಿನಗಳೂ ಕಡಿಮೆಯಾಗುತ್ತವೆ. ಹೊಸದು ತೆಗೆಯುವವರು ಬೆಲೆಗಿಂತ ಮೊದಲು ಕೇಳಬೇಕಾದ್ದು, ಹತ್ತಿರದ ಕಂಪೆನಿ ವರ್ಕ್‌ಶಾಪ್ ಎಲ್ಲಿದೆ, ಸೆನ್ಸರ್ ಸ್ಟಾಕ್ ಇರುತ್ತದೆಯೇ ಎಂಬುದು. ಎಸ್‌ಎಂಎಲ್ ಗಾಡಿ ನೋಡುವವರು, ಬಿಡಿಭಾಗ ಇನ್ನು ಮಹೀಂದ್ರಾ ಡೀಲರ್ ಬಳಿಯೂ ಸಿಗುತ್ತದೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಲಿ. ಹಳೆಯದಾದರೆ ಎಂಜಿನ್ ಶಬ್ದ ಕೇಳುವ ಮೊದಲು ಆರ್‌ಸಿ ತೆರೆದು ಎರಡು ಸಾಲು ಓದಬೇಕು: ನೋಂದಣಿಯಾದ ದಿನ, ಒಟ್ಟು ತೂಕ. 12 ವರ್ಷಕ್ಕೆ ಎಷ್ಟು ಬಾಕಿ ಇದೆ, ಓಡಿಸುವವನ ಲೈಸೆನ್ಸ್ ಆ ತೂಕಕ್ಕೆ ಸಾಲುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.